ಸೊಸೈಟಿಯ ಟೆರೇಸಿಗೆ ಯಾವ ಡೈಪೋಲ್? ಬಹುಬ್ಯಾಂಡ್ ತಂತಿ ಆಂಟೆನಾಗಳ ಹೋಲಿಕೆ

ಮುಂಬಯಿ, ಪುಣೆಗಳ ಕನ್ನಡಿಗರಲ್ಲಿ ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಪಡೆದವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: “ಒಂದೇ ತಂತಿಯಲ್ಲಿ ಎಲ್ಲ ಬ್ಯಾಂಡೂ ಸಿಗುವ ಡೈಪೋಲ್ ಯಾವುದು ಸರ್?” ಡೈಪೋಲ್ ಎಂದರೆ ಎರಡು ತೋಳಿನ ತಂತಿ ಆಂಟೆನಾ; ತೋಳುಗಳು ಕೂಡುವಲ್ಲಿ ರೇಡಿಯೋದ ಕೇಬಲ್ ಸೇರುತ್ತದೆ, ಆ ಜಾಗವೇ ಫೀಡ್ ಬಿಂದು. ಈ ಪ್ರಶ್ನೆಗೆ ಆಂಟೆನಾದ ಹೆಸರಿನಿಂದ ಉತ್ತರ ಹೇಳಲು ಬರುವುದಿಲ್ಲ. ಮೊದಲು ಅಳತೆಯ ಟೇಪು ಹಿಡಿದು ಟೆರೇಸಿಗೆ ಹೋಗಿ ಮೂರು ಸಂಗತಿಗಳನ್ನು ಬರೆದುಕೊಂಡು ಬರಬೇಕು: ತಂತಿ ಕಟ್ಟಲು ಸಿಗುವ ಉದ್ದ ಎಷ್ಟು, ಅಲ್ಲಿಂದ ನಿಮ್ಮ ರಿಗ್ (ರೇಡಿಯೋ ಸೆಟ್) ಇರುವ ಕೋಣೆಯವರೆಗೆ ಕೇಬಲ್ ಯಾವ ದಾರಿಯಲ್ಲಿ ಎಷ್ಟು ಮೀಟರ್ ಇಳಿಯಬೇಕು, ಮತ್ತು ನೀವು ನಿಜವಾಗಿ ಮಾತನಾಡುವ ಬ್ಯಾಂಡ್‌ಗಳು ಯಾವುವು. ಇವುಗಳಲ್ಲಿ ಎರಡನೆಯದನ್ನು ಬಹುತೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಗರದ ಆಂಟೆನಾದ ಹಣೆಬರಹ ಬರೆಯುವುದು ಮಾತ್ರ ಅದೇ.

ನಾನಿರುವುದು ಡೊಂಬಿವಲಿಯ ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ. ಟೆರೇಸು 21 ಮೀಟರ್ ಉದ್ದ, 11 ಮೀಟರ್ ಅಗಲ. ನಡುವೆ ನೀರಿನ ಟ್ಯಾಂಕು, ಅದರ ನೆತ್ತಿ ಸ್ಲ್ಯಾಬಿನಿಂದ ಮೂರು ಮೀಟರ್ ಎತ್ತರ. ಮನೆ ಎರಡನೆಯ ಮಹಡಿಯಲ್ಲಿರುವುದರಿಂದ ಕೇಬಲ್ 28 ಮೀಟರ್ ಬೇಕಾಯಿತು. ಮುಂದೆ ಹೇಳುವ ಹೋಲಿಕೆಯೆಲ್ಲ ಇಂಥ ಟೆರೇಸನ್ನು ಕಣ್ಣಮುಂದೆ ಇಟ್ಟುಕೊಂಡದ್ದು. ಗೋವೆಯ ತೆಂಗಿನ ತೋಟದಲ್ಲಿ ಮನೆ ಇರುವವರಿಗೆ ಇದೇ ತೀರ್ಮಾನ ಹೊಂದದು, ಅವರ ಮಾತು ನಡುವೆ ಬರುತ್ತದೆ.

ಅರ್ಧ ತರಂಗಾಂತರದ ಡೈಪೋಲಿನ ಉದ್ದವನ್ನು ಮೀಟರಿನಲ್ಲಿ ತಿಳಿಯಲು 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಸಾಕು. 7.1 ಮೆಗಾಹರ್ಟ್ಸಿಗೆ ಸುಮಾರು 20.1 ಮೀಟರ್, 14.2ಕ್ಕೆ 10.1, 21.2ಕ್ಕೆ 6.7, 28.5ಕ್ಕೆ 5 ಮೀಟರ್ ಬರುತ್ತದೆ. ಬ್ಯಾಂಡ್‌ಗಳನ್ನು ಕರೆಯುವುದು ಮಾತ್ರ ತರಂಗಾಂತರದಿಂದ: 7 ಮೆಗಾಹರ್ಟ್ಸಿನದು 40 ಮೀಟರ್ ಬ್ಯಾಂಡ್, 14ರದು 20, 21ರದು 15, 28ರದು 10. 80 ಮೀಟರ್ ಬ್ಯಾಂಡಿನ ಲೆಕ್ಕ ಹಾಕಿದರೆ ತಂತಿ 40 ಮೀಟರ್ ಆಗುತ್ತದೆ. ಆ ಉದ್ದ ನಮ್ಮ ಟೆರೇಸುಗಳಲ್ಲಿ ಇಲ್ಲ, ಇದ್ದರೂ ಎಲ್‌ಇಡಿ ದೀಪ, ಲಿಫ್ಟ್ ಮೋಟಾರು, ಇನ್ವರ್ಟರುಗಳ ಗದ್ದಲದಲ್ಲಿ ಆ ಬ್ಯಾಂಡಿನಲ್ಲಿ ಕೇಳಿಸುವುದು ಕಡಿಮೆ. ಆದ್ದರಿಂದ ನಗರದವರು 80 ಮೀಟರಿನ ಹಟವನ್ನು ಮೊದಲೇ ಬಿಟ್ಟರೆ ಆಯ್ಕೆ ಅರ್ಧ ಸುಲಭವಾಗುತ್ತದೆ. ಊರಿನವರ ಜೊತೆ ಮಾತಿಗೆ 40 ಮೀಟರ್ ಸಾಕು: ಮುಂಬಯಿಯಿಂದ ಬೆಂಗಳೂರು ನೇರ ಅಂತರದಲ್ಲಿ ಸುಮಾರು 850 ಕಿಲೋಮೀಟರ್, ಧಾರವಾಡ ಅದಕ್ಕಿಂತ ಹತ್ತಿರ, ಹಗಲಿನಲ್ಲಿ ಈ ದೂರಕ್ಕೆ 7 ಮೆಗಾಹರ್ಟ್ಸ್ ಹೇಳಿ ಮಾಡಿಸಿದ ಹಾಗಿದೆ. ತಂತಿ ಬಹಳ ಎತ್ತರದಲ್ಲಿ ಇಲ್ಲದಿದ್ದರೆ ಅದು ಶಕ್ತಿಯನ್ನು ಮೇಲ್ಮುಖವಾಗಿ ಚೆಲ್ಲುವುದರಿಂದ ಈ ಹತ್ತಿರದ ಮಾತುಕತೆಗೆ ಅನುಕೂಲವೇ ಆಗುತ್ತದೆ. ದೂರದ ದೇಶಗಳಿಗೆ 20 ಮೀಟರ್. 25ನೆಯ ಸೌರಚಕ್ರ 2024ರ ಹೊತ್ತಿಗೆ ಗರಿಷ್ಠ ಘಟ್ಟ ಮುಟ್ಟಿದಾಗ 15 ಮತ್ತು 10 ಮೀಟರ್‌ಗಳೂ ಕೈತುಂಬ ಕೊಟ್ಟವು.

ಇಷ್ಟು ಗೊತ್ತಾದ ಮೇಲೆ ನನ್ನ ಮೊದಲ ಶಿಫಾರಸು ಫ್ಯಾನ್ ಡೈಪೋಲ್. ಒಂದೇ ಫೀಡ್ ಬಿಂದುವಿಗೆ 40 ಮೀಟರಿನ ಜೋಡಿ ತಂತಿ, ಅದರ ಕೆಳಗೆ 20 ಮೀಟರಿನ ಜೋಡಿ, ಬೇಕಾದರೆ 10 ಮೀಟರಿನದೂ, ಬೀಸಣಿಗೆಯ ಕಡ್ಡಿಗಳ ಹಾಗೆ ಸೇರಿಸುವುದೇ ಇದರ ರಚನೆ. ಆಯಾ ಆವರ್ತನದಲ್ಲಿ ಅನುರಣಿಸುವ ಜೋಡಿ ಮಾತ್ರ ಕಡಿಮೆ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ತೋರಿಸಿ ಶಕ್ತಿಯನ್ನು ಎಳೆದುಕೊಳ್ಳುತ್ತದೆ, ಉಳಿದವು ಹೆಚ್ಚಿನ ಇಂಪೀಡೆನ್ಸಿನಿಂದಾಗಿ ಬಹುಮಟ್ಟಿಗೆ ಸುಮ್ಮನಿರುತ್ತವೆ. ರಿಗ್ಗಿಗೂ ಆಂಟೆನಾಗೂ ಹೊಂದಿಕೆ ಮಾಡುವ ಟ್ಯೂನರ್ ಬೇಡ, ಟ್ರಾನ್ಸ್‌ಫಾರ್ಮರ್ ಬೇಡ, ಸಾಮಾನ್ಯ 50 ಓಮ್ ಕೋಆಕ್ಸಿಯಲ್ ಕೇಬಲನ್ನು ಗೋಡೆಗೆ, ಪೈಪಿಗೆ ಎಲ್ಲಿ ತಾಗಿಸಿದರೂ ತೊಂದರೆಯಿಲ್ಲ. ಸೊಸೈಟಿ ಕಟ್ಟಡಕ್ಕೆ ಈ ಕೊನೆಯ ಗುಣವೇ ದೊಡ್ಡದು.

ಜಾಗದ ಲೆಕ್ಕವೂ ಕೂಡುತ್ತದೆ. ಟ್ಯಾಂಕಿನ ಪಕ್ಕಕ್ಕೆ ಪೈಪು ನಿಲ್ಲಿಸಿ ನೆತ್ತಿಯನ್ನು ಸ್ಲ್ಯಾಬಿನಿಂದ ಎಂಟು ಮೀಟರಿಗೆ ಏರಿಸಿ, ಹತ್ತು ಮೀಟರಿನ ಎರಡು ತೋಳುಗಳನ್ನು ತಲೆಕೆಳಗಾದ ‘ವಿ’ ಆಕಾರದಲ್ಲಿ ಎರಡೂವರೆ ಮೀಟರ್ ಎತ್ತರಕ್ಕೆ ಇಳಿಸಿದರೆ ನೆಲದ ಮೇಲೆ ಹರಡುವ ಉದ್ದ ಹದಿನೇಳು ಮೀಟರಿನೊಳಗೆ ನಿಲ್ಲುತ್ತದೆ. ನೆತ್ತಿಯ ಕೋನ 110 ಡಿಗ್ರಿಯ ಆಸುಪಾಸಿನಲ್ಲಿ ಬರುತ್ತದೆ. 90ರಿಂದ 120 ಡಿಗ್ರಿಯ ನಡುವೆ ಇದ್ದರೆ ಚಿಂತೆಯಿಲ್ಲ, ಅದಕ್ಕಿಂತ ಚೂಪಾಗಿಸಬಾರದು. ಹಾಗೆ ಬಾಗಿಸುವುದರಿಂದ ಫೀಡ್ ಬಿಂದುವಿನ ಇಂಪೀಡೆನ್ಸ್ 73 ಓಮಿನಿಂದ ಇಳಿದು 50ರ ಕಡೆಗೆ ಬರುವುದು ಲಾಭವೇ.

ಫ್ಯಾನ್ ಡೈಪೋಲಿನ ದೋಷ ಟ್ಯೂನಿಂಗಿನಲ್ಲಿದೆ. ತಂತಿಗಳು ತೀರ ಹತ್ತಿರವಿದ್ದರೆ ಒಂದನ್ನು ತಿದ್ದಿದಾಗ ಇನ್ನೊಂದು ಜರುಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆದ ಹಾಗೆ. ಹತ್ತಿರವಿದ್ದಷ್ಟೂ ಚಿಕ್ಕ ಜೋಡಿಯ ಬ್ಯಾಂಡ್ ಅಗಲ ಕಿರಿದಾಗುತ್ತದೆ. ಮನೆಯ ವೈರಿಂಗಿಗೆ ಬಳಸುವ ಪಿವಿಸಿ ಕಂಡ್ಯುಟ್ ಪೈಪಿನ ಹದಿನೈದು ಇಪ್ಪತ್ತು ಸೆಂಟಿಮೀಟರ್ ತುಂಡುಗಳನ್ನು ನಡುವೆ ಕಟ್ಟಿ, ಚಿಕ್ಕ ಜೋಡಿಯ ತುದಿಗಳನ್ನು ಹಗ್ಗದಿಂದ ಬೇರೆ ದಿಕ್ಕಿಗೆ ಎಳೆದರೆ ಈ ಕಾಟ ಬಹಳ ಕಡಿಮೆಯಾಗುತ್ತದೆ. ಮೊದಲು ಉದ್ದದ ಜೋಡಿಯನ್ನು ಸರಿಮಾಡಿ, ಅನಂತರ ಚಿಕ್ಕದಕ್ಕೆ ಬನ್ನಿ, ಮತ್ತೊಮ್ಮೆ ಉದ್ದದ್ದನ್ನು ನೋಡಿ. ತಂತಿಯನ್ನು ಕತ್ತರಿಸುವ ಬದಲು ತುದಿಯನ್ನು ಹಿಂದಕ್ಕೆ ಮಡಚಿ ತನ್ನ ಮೇಲೆಯೇ ಬಿಗಿಯಾಗಿ ಸುತ್ತಿ. ತಪ್ಪಿದರೆ ಬಿಚ್ಚಿ ಉದ್ದ ಮಾಡಬಹುದು. 40 ಮೀಟರಿನಲ್ಲಿ ಒಂದೊಂದು ತೋಳಿಗೆ ಹತ್ತು ಸೆಂಟಿಮೀಟರ್ ಮಡಚಿದರೆ ಅನುರಣನ ಸುಮಾರು 70 ಕಿಲೋಹರ್ಟ್ಸ್ ಏರುತ್ತದೆ. ಅದೇ ಹತ್ತು ಸೆಂಟಿಮೀಟರ್ 20 ಮೀಟರಿನಲ್ಲಿ 280 ಕಿಲೋಹರ್ಟ್ಸ್ ಏರಿಸಿ ನಿಮ್ಮನ್ನು ಬ್ಯಾಂಡಿನ ಆಚೆಗೇ ತಳ್ಳಬಹುದು. ನಾನು ಸಂಜೆಯ ಹೊತ್ತು ನ್ಯಾನೋ ವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಹಿಡಿದು ಮೂರು ದಿನ ಏರಿಳಿದೆ. ಮೂರನೆಯ ದಿನ ಎರಡು ಬ್ಯಾಂಡಿನಲ್ಲೂ ಎಸ್‌ಡಬ್ಲ್ಯುಆರ್ (ಹೊಂದಿಕೆಯ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 1.5ಕ್ಕಿಂತ ಕೆಳಗೆ ನಿಂತಿತು.

ಇಲ್ಲಿ 15 ಮೀಟರಿನ ಬಗ್ಗೆ ಒಂದು ಉಪಾಯ ಹೇಳಬೇಕು. 40 ಮೀಟರಿನ ಡೈಪೋಲ್ ಮೂರರಷ್ಟು ಆವರ್ತನದಲ್ಲೂ ಅನುರಣಿಸುವುದರಿಂದ 15 ಮೀಟರ್ ಪುಕ್ಕಟೆಯಾಗಿ ಸಿಗುತ್ತದೆ ಎಂಬ ಮಾತಿದೆ. ಅದು ಅರ್ಧ ನಿಜ. ತಂತಿಯ ತುದಿಗಳ ಪರಿಣಾಮ ಎರಡು ತುದಿಗಳಿಗೆ ಮಾತ್ರ ಸೀಮಿತವಾದ ಕಾರಣ ಮೂರನೆಯ ಅನುರಣನ 21.3ಕ್ಕೆ ಬೀಳದೆ 22 ಮೆಗಾಹರ್ಟ್ಸಿನ ಹತ್ತಿರ ಬೀಳುತ್ತದೆ. ಫೀಡ್ ಬಿಂದುವಿನಿಂದ ಸುಮಾರು ಮೂರೂವರೆ ಮೀಟರ್ ದೂರದಲ್ಲಿ, ಅಂದರೆ 15 ಮೀಟರಿನ ವೋಲ್ಟೇಜು ಹೆಚ್ಚಿರುವ ಜಾಗದಲ್ಲಿ, ಎರಡೂ ತೋಳಿಗೆ ಗಿಡ್ಡ ತಂತಿಯ ತುಂಡುಗಳನ್ನು ಇಳಿಬಿಟ್ಟು ಅದನ್ನು ಕೆಳಕ್ಕೆ ತರಬಹುದು. ಹೀಗಾದರೆ ಎರಡೇ ಜೋಡಿ ತಂತಿಯಲ್ಲಿ 40, 20, 15 ಮೂರೂ ದಕ್ಕುತ್ತವೆ.

ಇನ್ನು ಅತಿ ಹೆಚ್ಚು ಹೆಸರು ಮಾಡಿರುವ ಜಿ5ಆರ್‌ವಿ. ಬ್ರಿಟನ್ನಿನ ಲೂಯಿ ವಾರ್ನಿ 1946ರಲ್ಲಿ ರೂಪಿಸಿದ ಇದು 31.1 ಮೀಟರಿನ ತಂತಿ, ಅದರ ಕೆಳಗೆ ಸುಮಾರು 10 ಮೀಟರಿನ ಲ್ಯಾಡರ್ ಲೈನ್, ಅಂದರೆ ಏಣಿಯ ಹಾಗೆ ಕಾಣುವ ಜೋಡಿ ತಂತಿಯ ಫೀಡ್ ಲೈನ್. ಮೂಲತಃ ಇದು 14 ಮೆಗಾಹರ್ಟ್ಸಿಗೆ ಮೂರು ಅರ್ಧ ತರಂಗಗಳ ಉದ್ದದ ಆಂಟೆನಾ. ಬೇರೆ ಬ್ಯಾಂಡ್‌ಗಳಲ್ಲಿ ಟ್ಯೂನರ್ ಇಟ್ಟುಕೊಂಡು ನಡೆಸುವಂಥದ್ದು. ಇದನ್ನು ಕೆಲವರು “ಎಲ್ಲ ಬ್ಯಾಂಡಿಗೂ ನೇರ ಕೋಆಕ್ಸ್” ಎಂದು ಮಾರುವುದು ಸರಿಯಲ್ಲ. 31 ಮೀಟರ್ ಜಾಗವಿಲ್ಲದ ನಾನು ಇದರ ಅರ್ಧ ಅಳತೆಯದನ್ನು, 15.5 ಮೀಟರಿನ ತಯಾರಿ ಸಾಮಾನನ್ನು ತರಿಸಿ, ಲ್ಯಾಡರ್ ಲೈನನ್ನು ಟ್ಯಾಂಕಿನ ಪಕ್ಕದ ಜಿಐ ನೀರಿನ ಪೈಪಿಗೆ ನೈಲಾನ್ ಟೈಯಿಂದ ಅಂದವಾಗಿ ಕಟ್ಟಿದೆ. ಅಂದವಾಗಿ ಕಟ್ಟಿದ್ದೇ ತಪ್ಪು. ಲ್ಯಾಡರ್ ಲೈನ್ ಲೋಹದಿಂದ ತನ್ನ ಅಗಲದ ನಾಲ್ಕೈದು ಪಟ್ಟಾದರೂ ದೂರ ತೂಗಬೇಕು. ಜುಲೈಯ ಮಳೆ ಹಿಡಿದ ಮೇಲೆ 40 ಮೀಟರಿನ ಎಸ್‌ಡಬ್ಲ್ಯುಆರ್ ಎರಡೂವರೆಯಿಂದ ಆರಕ್ಕೆ ಹಾರಿತು. ರಿಗ್ಗಿನೊಳಗಿನ ಆಟೋ ಟ್ಯೂನರ್ ಟಕಟಕ ಎಂದು ರಿಲೇ ಬಡಿದು ಕೈಚೆಲ್ಲಿತು. ಇಂಥ ಒಳಗಿನ ಟ್ಯೂನರುಗಳು ಸಾಮಾನ್ಯವಾಗಿ ಮೂರರವರೆಗಿನ ಎಸ್‌ಡಬ್ಲ್ಯುಆರನ್ನು ಮಾತ್ರ ಸರಿಪಡಿಸಬಲ್ಲವು ಎಂಬುದನ್ನು ಕೊಳ್ಳುವ ಮೊದಲು ಓದಿಕೊಳ್ಳಬೇಕಿತ್ತು.

ಅದೇ ಮನೆತನದ ಝಡ್‌ಎಸ್6ಬಿಕೆಡಬ್ಲ್ಯು, ದಕ್ಷಿಣ ಆಫ್ರಿಕದ ಬ್ರಯನ್ ಆಸ್ಟಿನ್ ಅವರು ಅಳತೆಗಳನ್ನು ಲೆಕ್ಕ ಹಾಕಿ ತಿದ್ದಿದ್ದು, ನನ್ನ ಮಟ್ಟಿಗೆ ಜಿ5ಆರ್‌ವಿಗಿಂತ ಎಷ್ಟೋ ಮೇಲು. ಸುಮಾರು 28 ಮೀಟರ್ ತಂತಿ, 12 ಮೀಟರಿನ ಆಸುಪಾಸಿನ ಲ್ಯಾಡರ್ ಲೈನ್. 40, 20, 17, 12, 10 ಮೀಟರ್‌ಗಳಲ್ಲಿ 50 ಓಮಿಗೆ ಸಾಕಷ್ಟು ಹೊಂದಿಕೊಳ್ಳುತ್ತದೆ. 30 ಮತ್ತು 15 ಇದರಲ್ಲಿ ನೆಟ್ಟಗಾಗುವುದಿಲ್ಲ. ಲ್ಯಾಡರ್ ಲೈನ್ 12 ಮೀಟರ್ ಗಾಳಿಯಲ್ಲಿ ತೂಗುವಷ್ಟು ಎತ್ತರ ಬೇಕಾದ ಕಾರಣ ಇದು ಟೆರೇಸಿನದಲ್ಲ, ಅಂಗಳವಿರುವ ಮನೆಯದು.

ಅಂಗಳದ ಮಾತು ಬಂದಾಗ ನೆನಪಾಗುವುದು ವಾಸ್ಕೋದ ಹೊರವಲಯದಲ್ಲಿರುವ ಕನ್ನಡಿಗ ಮಿತ್ರರೊಬ್ಬರ ಡಬ್ಲೆಟ್. ಎರಡು ತೆಂಗಿನ ಮರಗಳ ನಡುವೆ 27 ಮೀಟರ್ ತಂತಿ, ನಡುವಿನಿಂದ ಕೈಯಾರೆ ಮಾಡಿದ ಓಪನ್ ವಯರ್ ಲೈನ್ (ಲ್ಯಾಡರ್ ಲೈನಿನಂಥದ್ದೇ) ನೇರವಾಗಿ ಕಿಟಕಿಯ ಹೊರಗಿನ ಬಾಲನ್‌ಗೆ (ಜೋಡಿ ತಂತಿಯನ್ನು ಕೋಆಕ್ಸಿಗೆ ಹೊಂದಿಸುವ ಸಾಧನ) ಇಳಿದು, ಅಲ್ಲಿಂದ ಒಳಗಿನ ದೊಡ್ಡ ಟ್ಯೂನರಿಗೆ ಗೇಣುದ್ದದ ಕೋಆಕ್ಸ್. ಅನುರಣನದ ಗೊಡವೆಯೇ ಇಲ್ಲ: 80ರಿಂದ 10ರವರೆಗೆ ಯಾವ ಬ್ಯಾಂಡಾದರೂ ಗುಂಡಿ ತಿರುಗಿಸಿದರೆ ಬರುತ್ತದೆ. ಓಪನ್ ವಯರ್ ಲೈನಿನಲ್ಲಿ ಎಸ್‌ಡಬ್ಲ್ಯುಆರ್ ಹತ್ತು ದಾಟಿದರೂ ನಷ್ಟ ಅತ್ಯಲ್ಪ. ಕೋಆಕ್ಸಿನಲ್ಲಿ ಅದೇ ಎಸ್‌ಡಬ್ಲ್ಯುಆರ್ ಶಕ್ತಿಯನ್ನು ಬಿಸಿಯಾಗಿ ಕರಗಿಸಿಬಿಡುತ್ತದೆ. ತಾಂತ್ರಿಕವಾಗಿ ಈ ಬರಹದಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಆಂಟೆನಾ ಇದೇ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೂರು ಮಹಡಿಗಳ ಗ್ರಿಲ್ಲು, ಎಸಿ ಪೆಟ್ಟಿಗೆ, ಒಣಹಾಕಿದ ಬಟ್ಟೆಗಳನ್ನು ದಾಟಿ ಓಪನ್ ವಯರ್ ಇಳಿಸುವುದು ಮುಂಬಯಿಯಲ್ಲಿ ಆಗದ ಹೋಗದ ಮಾತು. ಮರಕ್ಕೆ ಕಟ್ಟುವವರು ಒಂದು ತುದಿಗೆ ರಾಟೆ ಹಾಕಿ ಹಗ್ಗಕ್ಕೆ ನೀರು ತುಂಬಿದ ಕ್ಯಾನು ಜೋತುಬಿಡಬೇಕು. ಗಾಳಿಗೆ ತೆಂಗು ತೂಗಿದಾಗ ಕ್ಯಾನು ಏರಿಳಿಯುತ್ತದೆ, ತಂತಿ ಹರಿಯುವುದಿಲ್ಲ.

ನಡುವಿನಿಂದ ಸರಿದು ಮೂರನೆಯ ಒಂದು ಭಾಗದಲ್ಲಿ ಫೀಡ್ ಮಾಡುವ ಡೈಪೋಲನ್ನು ಹಲವರು ಇಂದಿಗೂ ವಿಂಡಮ್ ಎಂದೇ ಕರೆಯುತ್ತಾರೆ. 1929ರಲ್ಲಿ ಲೊರೆನ್ ವಿಂಡಮ್ ಪ್ರಚಾರಕ್ಕೆ ತಂದದ್ದು ಒಂಟಿ ತಂತಿಯ ಫೀಡಿನದು, ಈಗಿನದಕ್ಕೆ ಆ ಹೆಸರು ಅಂಟಿಕೊಂಡಿತಷ್ಟೆ. 20 ಮೀಟರ್ ತಂತಿಯನ್ನು 6.7 ಮತ್ತು 13.4 ಎಂದು ಒಡೆದು 4:1 ಬಾಲನ್ ಇಟ್ಟರೆ 40, 20, 10 ಮೀಟರ್‌ಗಳಲ್ಲಿ ಟ್ಯೂನರಿಲ್ಲದೆ ಅಥವಾ ಅಲ್ಪ ಟ್ಯೂನಿಂಗಿನಿಂದ ಕೆಲಸ ನಡೆಯುತ್ತದೆ. 15 ಮೀಟರಿನಲ್ಲಿ ಆ ಬಿಂದು ಕರೆಂಟು ಇಲ್ಲದ ಜಾಗಕ್ಕೆ ಬೀಳುವುದರಿಂದ ಅದು ಸಿಗದು. ನಮ್ಮ ಕಟ್ಟಡಗಳಲ್ಲಿ ಟ್ಯಾಂಕು, ಲಿಫ್ಟಿನ ಕೋಣೆಗಳು ಒಂದು ಪಕ್ಕಕ್ಕಿದ್ದು, ಎತ್ತರದ ಆಧಾರ ಟೆರೇಸಿನ ನಡುವೆ ಸಿಗದ ಸಂದರ್ಭದಲ್ಲಿ ಇದು ಫ್ಯಾನ್ ಡೈಪೋಲಿಗಿಂತ ಸಲೀಸು. ಅಸಮ ತೋಳುಗಳ ಕಾರಣ ಕೋಆಕ್ಸಿನ ಹೊರಮೈಯಲ್ಲಿ ಕರೆಂಟು ಹರಿಯುವ ಪ್ರವೃತ್ತಿ ಹೆಚ್ಚು. ಅಂದರೆ ಇಳಿದು ಬರುವ ಕೇಬಲೇ ಆಂಟೆನಾದ ಭಾಗವಾಗಿ ಎಲ್ಲ ಮನೆಗಳ ಎಲ್‌ಇಡಿ ಗದ್ದಲವನ್ನು ಹೀರಿಕೊಂಡು ತರುತ್ತದೆ. ಬಾಲನ್ನಿನ ಕೆಳಗೆ ಹೊರಮೈಯ ಕರೆಂಟನ್ನು ತಡೆಯುವ ಇನ್ನೊಂದು 1:1 ಚೋಕ್ ಇಡದೆ ಇದನ್ನು ಹಾಕಲೇಬಾರದು.

ಇದೇ ದೋಷ ಇನ್ನೂ ಹೆಚ್ಚಾಗಿರುವುದು ತುದಿಯಿಂದ ಫೀಡ್ ಮಾಡುವ ಅರ್ಧ ತರಂಗದ ತಂತಿಯಲ್ಲಿ. ಕಟ್ಟುನಿಟ್ಟಾಗಿ ಹೇಳಿದರೆ ಇದನ್ನು ಡೈಪೋಲಿನ ಸಾಲಿನಲ್ಲಿ ಕೂರಿಸಬಾರದು. ಆದರೂ ಜನ ಹೋಲಿಸುವುದು ಇದರೊಡನೆಯೇ. 20 ಮೀಟರ್ ತಂತಿ, ತುದಿಯಲ್ಲಿ 49:1 ಟ್ರಾನ್ಸ್‌ಫಾರ್ಮರ್, ಕರೆಂಟು ಮರಳಲು ಒಂದಿಷ್ಟು ಕೌಂಟರ್‌ಪಾಯ್ಸ್ ತಂತಿ. 40, 20, 15, 10 ನಾಲ್ಕೂ ಬರುತ್ತವೆ. ಕಿಟಕಿಯಿಂದಲೇ ಹೊರಟು ಎದುರಿನ ಆಧಾರಕ್ಕೆ ಹೋಗಬಹುದಾದ್ದರಿಂದ ಟೆರೇಸಿಗೆ ಅನುಮತಿ ಸಿಗದವರಿಗೆ ಇದೊಂದೇ ದಾರಿ. 100 ವಾಟ್‌ನಲ್ಲಿ ಆ ತುದಿಯಲ್ಲಿ ಸುಮಾರು 500 ವೋಲ್ಟ್ ಇರುತ್ತದೆ ಎಂಬುದನ್ನು ಮರೆತು ಗ್ರಿಲ್ಲಿಗೆ ಸುತ್ತಬೇಡಿ. ಚಿಕ್ಕ ಫೆರೈಟ್ ಕೋರಿನ ಅಗ್ಗದ ಟ್ರಾನ್ಸ್‌ಫಾರ್ಮರು ದೀರ್ಘ ಪ್ರಸಾರದಲ್ಲಿ ಬಿಸಿಯಾಗುತ್ತದೆ. ಎಫ್‌ಟಿ240-43 ಅಳತೆಯದನ್ನು ಕೇಳಿ ಪಡೆಯಿರಿ.

ಟ್ರ್ಯಾಪ್ ಡೈಪೋಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರ್ಯಾಪ್ ಎಂದರೆ ಒಂದು ಆವರ್ತನವನ್ನು ತಡೆಯಲು ತಂತಿಯ ನಡುವೆ ಸೇರಿಸುವ ಕಾಯಿಲು ಮತ್ತು ಕೆಪ್ಯಾಸಿಟರಿನ ಜೋಡಿ. 1955ರಲ್ಲಿ ಬೆಳಕಿಗೆ ಬಂದ ಡಬ್ಲ್ಯು3ಡಿಝಡ್‌ಝಡ್ ಮಾದರಿಯಲ್ಲಿ 7 ಮೆಗಾಹರ್ಟ್ಸಿನ ಎರಡು ಟ್ರ್ಯಾಪ್‌ಗಳಿಂದ 80 ಮೀಟರ್ ಬ್ಯಾಂಡಿಗೆ ಬೇಕಾದ ತಂತಿಯ ಉದ್ದ 40ರಿಂದ 33 ಮೀಟರಿಗೆ ಇಳಿಯುತ್ತದೆ. ಉದ್ದ ಉಳಿಯುವುದಕ್ಕೆ ಬ್ಯಾಂಡಿನ ಅಗಲವನ್ನೂ ಸ್ವಲ್ಪ ಶಕ್ತಿಯನ್ನೂ ಬೆಲೆಯಾಗಿ ತೆರಬೇಕು. ಮಳೆಗಾಲ ಇದರ ಶತ್ರು. ಎರಡು ಮಳೆಗಾಲ ಕಳೆದ ಒಂದು ಟ್ರ್ಯಾಪನ್ನು ಬಿಚ್ಚಿದಾಗ ಒಳಗಿನಿಂದ ಚಹಾದ ಬಣ್ಣದ ನೀರು ಒಂದು ಚಮಚದಷ್ಟು ಸುರಿದದ್ದನ್ನು ಕಂಡಿದ್ದೇನೆ.

ಪುಣೆಯವರಿಗೆ ಇನ್ನೊಂದು ಆಯ್ಕೆಯಿದೆ. ಭಾನುವಾರ ಬೆಳಿಗ್ಗೆ ಟೇಕಡಿ ಹತ್ತಿ ಬ್ಯಾಟರಿಯ ರಿಗ್ಗಿನಿಂದ ಮಾತನಾಡುವವರು ಲಿಂಕ್ ಡೈಪೋಲನ್ನೇ ಒಯ್ಯಬೇಕು: ಒಂದೇ ತಂತಿ, ಎರಡೂ ತೋಳಿನಲ್ಲಿ 20 ಮೀಟರ್ ಬ್ಯಾಂಡಿನ ಅಳತೆಗೆ ಒಂದೊಂದು ಕೊಂಡಿ, ಕೂಡಿಸಿದರೆ 40, ಬಿಚ್ಚಿದರೆ 20. ನಷ್ಟವಿಲ್ಲ, ತೂಕವಿಲ್ಲ, ತೆಳ್ಳನೆಯ ಆರ್‌ಜಿ-174 ಕೋಆಕ್ಸ್ ಹತ್ತು ಮೀಟರ್ ಸಾಕು. ಬ್ಯಾಂಡ್ ಬದಲಿಸಲು ಕಂಬ ಇಳಿಸಬೇಕು ಎನ್ನುವುದೊಂದೇ ಕಷ್ಟ. ಮನೆಯ ಟೆರೇಸಿನಲ್ಲಿ ಅದು ದೊಡ್ಡ ಕಷ್ಟ, ಗುಡ್ಡದ ಮೇಲೆ ಅದು ಕಷ್ಟವೇ ಅಲ್ಲ.

ಯಾವುದನ್ನು ಆರಿಸಿದರೂ ಕೇಬಲಿನ ಲೆಕ್ಕ ತಪ್ಪುವುದಿಲ್ಲ. 30 ಮೀಟರ್ ಆರ್‌ಜಿ-58ರಲ್ಲಿ 7 ಮೆಗಾಹರ್ಟ್ಸಿಗೆ ಶಕ್ತಿಯ ಸುಮಾರು ಕಾಲು ಭಾಗ, 28ಕ್ಕೆ ಶೇಕಡ 40ಕ್ಕೂ ಹೆಚ್ಚು ದಾರಿಯಲ್ಲೇ ಹೋಗುತ್ತದೆ; ಎಸ್‌ಡಬ್ಲ್ಯುಆರ್ ಕೆಟ್ಟಿದ್ದರೆ ಇನ್ನೂ ಹೆಚ್ಚು. ಆರ್‌ಜಿ-213 ಹಾಕಿದರೆ 28ರ ನಷ್ಟವೂ ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಮೇಲಿನ ಮಹಡಿಯವರು ಆಂಟೆನಾದ ಮೇಲೆ, ಕೆಳಗಿನ ಮಹಡಿಯವರು ಕೇಬಲಿನ ಮೇಲೆ ಖರ್ಚು ಮಾಡಬೇಕು ಎಂದು ನಾನು ಹೇಳುವುದು ಇದಕ್ಕೇ. ತಂತಿಗೆ ಮಾತ್ರ ದುಬಾರಿ ಸಾಮಾನು ಬೇಡ: ಲೋಹಾರ್ ಚಾಳಿನಲ್ಲಿ ಸಿಗುವ 90 ಮೀಟರಿನ ಒಂದು ಸುರುಳಿ 1.5 ಚದರ ಮಿಲಿಮೀಟರ್ ಹೌಸ್ ವೈರಿನಲ್ಲಿ ಎರಡು ಫ್ಯಾನ್ ಡೈಪೋಲ್ ಆಗುತ್ತವೆ. ಹೊದಿಕೆಯಿರುವ ತಂತಿ ಸೂತ್ರದ ಅಳತೆಗಿಂತ ನೂರಕ್ಕೆ ಎರಡು ಮೂರರಷ್ಟು ಗಿಡ್ಡದಾಗಿಯೇ ಅನುರಣಿಸುತ್ತದೆ ಎಂಬುದು ನೆನಪಿರಲಿ. ಕನೆಕ್ಟರು, ಫೆರೈಟು, ಕೇಬಲುಗಳಿಗೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ಕಟ್ಟುವ ಹಗ್ಗ ಬಿಸಿಲಿಗೆ ಪುಡಿಯಾಗದ ಪಾಲಿಯೆಸ್ಟರಿನದಾಗಿರಲಿ.

ನನ್ನನ್ನೇ ಕೇಳಿದರೆ, ಇಪ್ಪತ್ತು ಮೀಟರಿನ ಆಸುಪಾಸಿನ ಟೆರೇಸು ಮತ್ತು ನಡುವೆ ಟ್ಯಾಂಕು ಇರುವವರು 40 ಮತ್ತು 20ರ ಫ್ಯಾನ್ ಡೈಪೋಲ್ ಹಾಕಿ. ಆಧಾರ ಒಂದು ಬದಿಗಿದ್ದರೆ ಸರಿದ ಫೀಡಿನದು, ಚೋಕ್ ಸಹಿತ. ಟೆರೇಸೇ ಇಲ್ಲದಿದ್ದರೆ ತುದಿಯ ಫೀಡಿನದು. ಮರ ಮತ್ತು ಅಂಗಳ ಇರುವ ಗೋವೆಯವರು ಬೇರೆ ಯೋಚನೆಯಿಲ್ಲದೆ ಡಬ್ಲೆಟ್. ಹದಿನೈದು ಮೀಟರಿಗಿಂತ ಚಿಕ್ಕ ಟೆರೇಸಿನವರು 40ರ ತೋಳುಗಳ ಕೊನೆಯ ಒಂದೂವರೆ ಎರಡು ಮೀಟರನ್ನು ಪ್ಯಾರಪೆಟ್ಟಿನ ಗುಂಟ ಪಕ್ಕಕ್ಕೆ ತಿರುಗಿಸಬಹುದು. ತುದಿಯಲ್ಲಿ ಕರೆಂಟು ಕಡಿಮೆಯಾದ್ದರಿಂದ ಹೆಚ್ಚು ಕೆಡುವುದಿಲ್ಲ.

ತುದಿಯಲ್ಲಿ ಕರೆಂಟು ಕಡಿಮೆ, ವೋಲ್ಟೇಜು ಹೆಚ್ಚು. ನಮ್ಮ ಮೇಲಿನ ಮಹಡಿಯ ಮಾವಶಿಯೊಬ್ಬರು ಒಮ್ಮೆ 20 ಮೀಟರಿನ ತುದಿಗೆ ಹೊದಿಕೆ ಒಣಹಾಕಿದ್ದರು. ಆ ಹೊತ್ತಿಗೆ ರಿಗ್ ಬಂದ್ ಇತ್ತು, ಬದುಕಿದೆ. ಅಂದಿನಿಂದ ಎಲ್ಲ ತುದಿಗಳನ್ನೂ ಕೈಗೆಟುಕದ ಎರಡೂವರೆ ಮೀಟರಿಗೆ ಏರಿಸಿ, ಕಮಿಟಿಯ ಎನ್‌ಒಸಿಯ ಪ್ರತಿಯನ್ನು ಟೆರೇಸಿನ ಬಾಗಿಲಿಗೆ ಅಂಟಿಸಿದ್ದೇನೆ. ತಂತಿ ಕಳಚಿ ಬಿದ್ದರೂ ವಿದ್ಯುತ್ ಲೈನಿಗೆ, ಲೋಕಲ್ ರೈಲಿನ 25 ಕಿಲೋವೋಲ್ಟ್ ತಂತಿಗೆ ತಾಗಲು ಸಾಧ್ಯವಿರುವ ದಿಕ್ಕಿಗೆ ಯಾವ ತೋಳನ್ನೂ ಎಳೆಯಬಾರದು. ಮೇ ಕೊನೆಯ ಮತ್ತು ಅಕ್ಟೋಬರಿನ ಸಿಡಿಲಿನ ದಿನಗಳಲ್ಲಿ ಕೇಬಲನ್ನು ರಿಗ್ಗಿನಿಂದ ಕಳಚಿ ಹೊರಗಿಡಿ. ಸಂಕ್ರಾಂತಿ ಕಳೆದ ಮರುದಿನ ಹೋಗಿ ಸಿಕ್ಕಿಕೊಂಡ ಗಾಳಿಪಟದ ಮಾಂಜಾ ಬಿಡಿಸಿ, ಅದು ಹಗ್ಗವನ್ನು ಕೊಯ್ದಿರುತ್ತದೆ. ಜೂನ್ ಬರುವ ಮುನ್ನ ಫೀಡ್ ಬಿಂದುವಿನ ಸ್ವಯಂ ಅಂಟುವ ರಬ್ಬರ್ ಟೇಪನ್ನು ಹೊಸದಾಗಿ ಸುತ್ತಿ, ಕೇಬಲ್ ಕಿಟಕಿ ಸೇರುವ ಕಡೆ ಒಂದು ಇಳಿಬಾಗು ಬಿಟ್ಟು ನೀರು ಹೊರಗೇ ತೊಟ್ಟಿಕ್ಕುವಂತೆ ಮಾಡಿ.